ಬಿಕ್ಕಳಿಕೆ ಮೊದಲು, ಕಣ್ಣು ಆಮೇಲೆ: ಆಪ್ಟಿಕ್ ನ್ಯೂರೈಟಿಸ್‌ನ ಒಂದು ಪ್ರಕರಣ

ಬಾಗಲಕೋಟೆ ಜಿಲ್ಲೆಯಲ್ಲಿ ಇಳಕಲ್ ಸೀರೆ ನೇಯುವ ಊರುಗಳು ಹಲವು. ಅಂಥದೊಂದು ಊರಿನ ನೇಕಾರ ಹೆಣ್ಣುಮಗಳ ಪ್ರಕರಣ ಇದು. ಆಕೆಯ ಮತ್ತು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಹತ್ತಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ರೋಗ ನಡೆದು ಬಂದ ದಾರಿಯನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ.

ನಾನು ಕಣ್ಣಿನ ವೈದ್ಯೆ. ಕಣ್ಣಿನ ನರಕ್ಕೆ ಉರಿಯೂತ ಬರುವುದನ್ನು ನಾವು ಆಪ್ಟಿಕ್ ನ್ಯೂರೈಟಿಸ್ ಎನ್ನುತ್ತೇವೆ. ಈ ತೊಂದರೆ ಬಂದವರಲ್ಲಿ ಬಹಳಷ್ಟು ಜನರ ದೃಷ್ಟಿ ಕೆಲವು ವಾರಗಳಲ್ಲಿ ತಾನಾಗಿಯೇ ಮರಳತೊಡಗುತ್ತದೆ. ಈ ಒಳ್ಳೆಯ ಸಂಗತಿಯನ್ನೇ ನೆಚ್ಚಿಕೊಂಡು ಕೂತರೆ ಕೆಲವರ ಕಣ್ಣು ಕಾಯಂ ಆಗಿ ಹೋಗುತ್ತದೆ. ಯಾಕೆಂದರೆ ತಾನಾಗಿ ವಾಸಿಯಾಗುವ ಬಗೆಯೂ, ಕಣ್ಣನ್ನು ಕಳೆಯುವ ಬಗೆಯೂ ಮೊದಲ ದಿನ ಒಂದೇ ರೂಪದಲ್ಲಿ ಬಾಗಿಲಿಗೆ ಬರಬಹುದು. ಈ ಹೆಣ್ಣುಮಗಳಲ್ಲಿ ಆದದ್ದು ಅದೇ.

ಹಿನ್ನೆಲೆ

ವಯಸ್ಸು ಮೂವತ್ತರ ಆಸುಪಾಸು. ಇಬ್ಬರು ಮಕ್ಕಳು. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ. ಮನೆಯಲ್ಲಿ ಒಂದು ಕುಣಿ ಮಗ್ಗ. ಗಂಡ ಹಾಸು ಹೂಡಿ ಕೊಡುತ್ತಾನೆ, ಈಕೆ ನೇಯುತ್ತಾಳೆ. ಸೀರೆಯ ಮೈಯ ಹಾಸಿಗೆ ಸೆರಗಿನ ಹಾಸನ್ನು ಎಳೆ ಎಳೆಯಾಗಿ ಸಿಕ್ಕಿಸುವ ಕೊಂಡಿ ಕೆಲಸ ಆ ಓಣಿಯಲ್ಲಿ ಈಕೆಯಷ್ಟು ಚುರುಕಾಗಿ ಮಾಡುವವರು ಇಲ್ಲವೆಂದು ಅತ್ತೆಯೇ ಹೇಳುತ್ತಿದ್ದರು. ರೋಗಿಯ ಕೆಲಸವನ್ನು ಕೇಳಿ ತಿಳಿಯುವುದು ಎಷ್ಟು ಮುಖ್ಯವೆಂಬುದು ಇಲ್ಲಿ ಮುಂದೆ ಎರಡು ಸಲ ಕಾಣುತ್ತದೆ.

ಸಂಕ್ರಾಂತಿ ಮುಗಿದ ವಾರ ಬಲಗಣ್ಣಿನ ಹಿಂದೆ ನೋವು ಶುರುವಾಯಿತು. ಸುಮ್ಮನೆ ಕೂತರೆ ಅಷ್ಟಿಲ್ಲ, ಲಾಳಿ ಅತ್ತಿತ್ತ ಓಡುವಾಗ ಕಣ್ಣು ಅದರ ಜೊತೆ ತಿರುಗಿದರೆ ಚುಚ್ಚುತ್ತಿತ್ತು. ಎರಡು ದಿನ ಕಳೆದ ಮೇಲೆ ಮಂಜು ಕವಿಯಿತು. ಹತ್ತಿರದ ಊರಲ್ಲಿ ತೋರಿಸಿದಾಗ ಕಣ್ಣು ಒಣಗಿದೆ ಎಂದು ಹನಿ ಔಷಧ ಕೊಟ್ಟರು. ಮತ್ತೆ ಹೋದಾಗ ಅದರ ಜೊತೆಗೆ ಸಣ್ಣ ಪ್ರಮಾಣದ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಮಾತ್ರೆ ಬರೆದರು. ಆ ಮಾತ್ರೆ ಶುರು ಮಾಡುವ ಮೊದಲೇ ನನ್ನಲ್ಲಿಗೆ ಬಂದಳು.

ಆಕೆ ಮೊದಲು ಹೇಳಿದ್ದು ಮಂಜಿನ ಮಾತನ್ನಲ್ಲ. “ಡಾಕ್ಟ್ರ, ಬಲಗಣ್ಣ ಮುಚ್ಚಿದ್ರ ಟೋಪ ತೆನಿ ಸೆರಗ ಕೆಂಪ ಕಾಣತೈತ್ರಿ. ಎಡಗಣ್ಣ ಮುಚ್ಚಿದ್ರ ಅದ ಸೆರಗ ಇಟ್ಟಂಗಿ ಬಣ್ಣ ಆಗತೈತ್ರಿ. ನೂಲ ಬದಲಾಗೈತೇನಂತ ನಮ್ಮ ಮನಿಯವರ ಜೋಡಿ ಜಗಳಾನ ಮಾಡೀನ್ರಿ.”

ಕಣ್ಣಿನ ನರದ ರೋಗದಲ್ಲಿ ಮೊದಲು ಮಾಸುವುದು ಕೆಂಪು. ಪೊರೆ ಬಂದರೂ, ಚಷ್ಮಾದ ನಂಬರು ಬದಲಾದರೂ ಅಕ್ಷರ ಮಸುಕಾಗುತ್ತದೆ, ಆದರೆ ಒಂದೇ ಕಣ್ಣಿಗೆ ಕೆಂಪಿನ ಕಾವು ಇಷ್ಟು ಇಳಿಯುವುದಿಲ್ಲ. ನಾವು ಸಾಮಾನ್ಯವಾಗಿ ಕೆಂಪು ಮುಚ್ಚಳದ ಹನಿ ಬಾಟಲಿ ಹಿಡಿದು ಒಂದೊಂದೇ ಕಣ್ಣಿಗೆ ತೋರಿಸಿ ಮಾಡುವ ಪರೀಕ್ಷೆಯನ್ನು ಈಕೆ ಮಗ್ಗದ ಮುಂದೆ ತಾನೇ ಮಾಡಿಕೊಂಡು ಬಂದಿದ್ದಳು.

ಮೊದಲ ದಿನ ಕಂಡದ್ದು

ಬಲಗಣ್ಣಿನ ದೃಷ್ಟಿ 6/60, ಎಡಗಣ್ಣಿನದು 6/6. 6/6 ಎಂದರೆ ಸರಿಯಾದ ದೃಷ್ಟಿ. 6/60 ಎಂದರೆ ಸರಿ ಕಣ್ಣಿನವರು 60 ಮೀಟರ್ ದೂರದಿಂದ ಓದುವ ಅಕ್ಷರವನ್ನು 6 ಮೀಟರಿಗೆ ಬಂದರಷ್ಟೇ ಓದುವುದು. ಬಣ್ಣದ ಪುಸ್ತಕದಲ್ಲಿ ಎಲ್ಲರಿಗೂ ಕಾಣುವಂತೆ ಮಾಡಿರುವ ಮೊದಲ ಪುಟವೊಂದನ್ನು ಬಿಟ್ಟು ಬಲಗಣ್ಣಿಗೆ ಯಾವ ಅಂಕಿಯೂ ಹತ್ತಲಿಲ್ಲ. ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಸರಿಸುತ್ತ ನೋಡಿದೆ. ಬೆಳಕು ಬಲಗಣ್ಣಿಗೆ ಬಂದ ಕೂಡಲೇ ಎರಡೂ ಪಾಪೆಗಳು ಕಿರಿದಾಗುವ ಬದಲು ಹಿಗ್ಗಿದವು. ಅಂದರೆ ಬಲಗಡೆಯ ನರ ಬೆಳಕಿನ ಸುದ್ದಿಯನ್ನು ಮಿದುಳಿಗೆ ಸರಿಯಾಗಿ ಮುಟ್ಟಿಸುತ್ತಿಲ್ಲ. ಈ ಪರೀಕ್ಷೆಗೆ ಒಂದು ಟಾರ್ಚು, ಅರ್ಧ ಕತ್ತಲ ಕೋಣೆ ಸಾಕು. ಯಾವ ತಾಲ್ಲೂಕಿನ ಆಸ್ಪತ್ರೆಯಲ್ಲೂ ಮಾಡಬಹುದು. ಮಾಡಿದ್ದರೆ ಒಣಗಣ್ಣು ಎಂಬ ಮಾತು ಬರುತ್ತಿರಲಿಲ್ಲ.

ಪಾಪೆ ಹಿಗ್ಗಿಸಿ ಒಳಗೆ ನೋಡಿದಾಗ ನರದ ತಲೆ ಪೂರ್ತಿ ಸರಿಯಾಗಿತ್ತು. ಇದರಲ್ಲಿ ಗಾಬರಿಯಾಗುವಂಥದ್ದೇನಿಲ್ಲ. ಸಾಮಾನ್ಯ ಬಗೆಯ ಆಪ್ಟಿಕ್ ನ್ಯೂರೈಟಿಸ್‌ನಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ಉರಿಯೂತ ಕಣ್ಣುಗುಡ್ಡೆಯ ಹಿಂದೆ ಇರುತ್ತದೆ, ಮುಂದಿನಿಂದ ನೋಡಿದವರಿಗೆ ಏನೂ ಸಿಗುವುದಿಲ್ಲ.

ನರದ ರಚನೆ ತಿಳಿದರೆ ಈ ಲಕ್ಷಣಗಳಿಗೆ ಅರ್ಥ ಬರುತ್ತದೆ. ಸುಮಾರು 5 ಸೆಂಟಿಮೀಟರ್ ಉದ್ದದ ಈ ನರದಲ್ಲಿ ಹತ್ತಿರ ಹತ್ತಿರ 12 ಲಕ್ಷ ಎಳೆಗಳಿವೆ. ವಿದ್ಯುತ್ ತಂತಿಯ ಮೇಲಿನ ಹೊದಿಕೆಯ ಹಾಗೆ ಪ್ರತಿ ಎಳೆಗೂ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ಉರಿಯೂತದಲ್ಲಿ ಮೊದಲು ಹಾಳಾಗುವುದು ಆ ಹೊದಿಕೆ. ಎಳೆ ಉಳಿದಿದ್ದರೆ ಹೊದಿಕೆ ಒಂದಷ್ಟು ಮತ್ತೆ ಬೆಳೆದು ದೃಷ್ಟಿ ಮರಳುತ್ತದೆ. ಎಳೆಯೇ ಸತ್ತರೆ ಮರಳುವುದಿಲ್ಲ. ಇನ್ನು ನೋವಿನ ಮಾತು. ಕಣ್ಣನ್ನು ತಿರುಗಿಸುವ ಕೆಲವು ಸ್ನಾಯುಗಳು ಕಣ್ಣಿನ ಗೂಡಿನ ತುದಿಯಲ್ಲಿ ನರದ ಪೊರೆಗೆ ಅಂಟಿಕೊಂಡೇ ಹುಟ್ಟುತ್ತವೆ. ಕಣ್ಣು ತಿರುಗಿದಾಗ ಊದಿದ ಪೊರೆ ಎಳೆದಂತಾಗಿ ನೋಯುತ್ತದೆ.

ಬೇರೆ ಕಾರಣಗಳನ್ನೂ ಕೇಳಿದೆ. ನಮ್ಮ ಕಡೆ ಮೊದಲು ಕೇಳಬೇಕಾದದ್ದು ಕ್ಷಯದ ಮಾತ್ರೆಗಳನ್ನು. ಎಥಾಂಬ್ಯುಟಾಲ್ ನರಕ್ಕೆ ಪೆಟ್ಟು ಕೊಡುತ್ತದೆ, ಆದರೆ ಅದು ಎರಡೂ ಕಣ್ಣಿಗೆ, ನೋವಿಲ್ಲದೆ, ಮಾತ್ರೆ ಶುರುವಾಗಿ ತಿಂಗಳುಗಳಾದ ಮೇಲೆ. ಈಕೆ ಅಂಥದ್ದೇನೂ ತೆಗೆದುಕೊಂಡಿರಲಿಲ್ಲ. “ಮೊದಲ ಏನರ ಬ್ಯಾನಿ ಆಗಿತ್ತೇನವಾ?” ಎಂದು ಕೇಳಿದೆ. “ಇಲ್ರಿ” ಅಂದಳು.

ಸಾಮಾನ್ಯ ಬಗೆಯ ಚಿತ್ರ ಹೀಗಿರುತ್ತದೆ: 20ರಿಂದ 45ರೊಳಗಿನ ವಯಸ್ಸು, ಹೆಚ್ಚಾಗಿ ಹೆಣ್ಣು, ಒಂದೇ ಕಣ್ಣು, ಕಣ್ಣು ಆಡಿಸಿದರೆ ನೋವು, ಕೆಂಪು ಮಾಸುವುದು, ಕೆಲವು ದಿನಗಳಿಂದ ಎರಡು ವಾರದೊಳಗೆ ದೃಷ್ಟಿ ತಳ ಮುಟ್ಟಿ ಅಲ್ಲಿಂದ ಏರತೊಡಗುವುದು. ಕೊನೆಯದೊಂದನ್ನು ಬಿಟ್ಟರೆ ಎಲ್ಲವೂ ಈಕೆಗೆ ಹೊಂದಿದ್ದವು. ಕೊನೆಯದು ಮೊದಲ ದಿನ ತಿಳಿಯುವಂಥದ್ದಲ್ಲ. ಅದಕ್ಕೇ ನಾನು ಕಡತದಲ್ಲಿ “ಸಾಮಾನ್ಯ ಬಗೆ ಇರಬಹುದು, ಚೇತರಿಕೆ ನೋಡಿ ಖಚಿತಪಡಿಸುವುದು” ಎಂದು ಬರೆದೆ.

ಮೊದಲ ತೀರ್ಮಾನ: ಮಾತ್ರೆಯೋ, ಡ್ರಿಪ್ಪೋ, ಕಾಯುವುದೋ

ಗಂಡ ಜೇಬಿನಿಂದ ಪ್ರೆಡ್ನಿಸೊಲೋನ್ ಹಾಳೆ ತೆಗೆದು, ಇದನ್ನೇ ಶುರು ಮಾಡಿದರೆ ಆಗದೇ ಎಂದು ಕೇಳಿದ. ಆಗುವುದಿಲ್ಲ ಎಂದೆ. ಇದಕ್ಕೆ ಗಟ್ಟಿ ಆಧಾರವಿದೆ. 1988ರಿಂದ 1991ರವರೆಗೆ ಅಮೆರಿಕದ 15 ಕೇಂದ್ರಗಳಲ್ಲಿ 457 ರೋಗಿಗಳನ್ನು ಸೇರಿಸಿಕೊಂಡು ನಡೆದ ದೊಡ್ಡ ಪ್ರಯೋಗವೊಂದರ ಮೇಲೆ ಈ ರೋಗದ ಚಿಕಿತ್ಸೆ ಇಂದಿಗೂ ನಿಂತಿದೆ. ರಕ್ತನಾಳದ ಮೂಲಕ ಕೊಟ್ಟ ಮಿಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಚೇತರಿಕೆಯನ್ನು ಬೇಗ ತಂದಿತು, ಆದರೆ ವರ್ಷದ ಕೊನೆಗೆ ನೋಡಿದಾಗ ಏನೂ ಕೊಡದವರ ದೃಷ್ಟಿಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಕಿಲೋಗೆ 1 ಮಿಲಿಗ್ರಾಂ ಲೆಕ್ಕದ ಮಾತ್ರೆ ಮಾತ್ರ ನುಂಗಿದವರಲ್ಲಿ ರೋಗ ಮರುಕಳಿಸಿದ್ದು ಉಳಿದವರಿಗಿಂತ ಹೆಚ್ಚು. 1992ರಿಂದ ಇದು ಪ್ರಕಟವಾಗಿರುವ ಸಂಗತಿ. ಆದರೂ ಆ ಸಣ್ಣ ಡೋಸಿನ ಮಾತ್ರೆ ಇಂದಿಗೂ ಚೀಟಿಗಳಲ್ಲಿ ಬರುತ್ತಿದೆ ಎನ್ನುವುದು ನನಗೆ ನಿಜವಾಗಿಯೂ ಸಂಕಟದ ವಿಷಯ.

ಹಾಗಾದರೆ ಏನೂ ಕೊಡದೆ ಕಾಯಬಹುದಲ್ಲ? ಅಮೆರಿಕದ ಆ ರೋಗಿಗಳಲ್ಲಿ ಕಾಯಬಹುದಿತ್ತು. ಅವರಲ್ಲಿ ಶೇ. 85ರಷ್ಟು ಮಂದಿ ಬಿಳಿಯರು. ಅಂದು ತೆಗೆದಿಟ್ಟಿದ್ದ ರಕ್ತದ ಮಾದರಿಗಳಲ್ಲಿ 177ನ್ನು ಬಹಳ ವರ್ಷಗಳ ನಂತರ ಹೊಸ ಪ್ರತಿಕಾಯ ಪರೀಕ್ಷೆಗೆ ಒಡ್ಡಿದಾಗ ಅಕ್ವಾಪೊರಿನ್-4 ಪ್ರತಿಕಾಯ ಒಬ್ಬರಲ್ಲೂ ಸಿಗಲಿಲ್ಲ, ಮಾಗ್ ಪ್ರತಿಕಾಯ ಸಿಕ್ಕಿದ್ದು ಮೂವರಲ್ಲಿ. ಮೈಯ ರಕ್ಷಣಾ ವ್ಯವಸ್ಥೆ ತನ್ನದೇ ನರಮಂಡಲದ ಮೇಲೆ ತಿರುಗಿಬಿದ್ದು ಮಾಡುವ ಪ್ರೋಟೀನುಗಳು ಇವು, ಅಸಾಮಾನ್ಯ ಬಗೆಯ ಆಪ್ಟಿಕ್ ನ್ಯೂರೈಟಿಸ್‌ಗೆ ಕಾರಣ. ಮಾಗ್ ಎಂಬುದು ಮಯಲಿನ್ ಹೊದಿಕೆಯ ಮೇಲಿನ ಒಂದು ಪ್ರೋಟೀನ್. ಅಂದರೆ ಆ ಪ್ರಯೋಗ ಬಹುಪಾಲು ಸೌಮ್ಯ ಬಗೆಯ ರೋಗದ ಮೇಲೆಯೇ ನಡೆದಿತ್ತು. ನಮ್ಮ ದೇಶದಲ್ಲಿ ಈ ಎರಡೂ ಪ್ರತಿಕಾಯಗಳ ರೋಗ ಅದಕ್ಕಿಂತ ಹೆಚ್ಚಾಗಿ ಕಾಣುತ್ತದೆ. “ತಾನಾಗಿ ವಾಸಿಯಾಗುತ್ತದೆ” ಎಂಬ ಅಲ್ಲಿನ ಭರವಸೆಯನ್ನು ಇಲ್ಲಿನ ರೋಗಿಗೆ ಕಣ್ಣು ಮುಚ್ಚಿ ಕೊಡಲಾಗದು.

ಸಕ್ಕರೆ, ಎದೆಯ ಎಕ್ಸ್‌ರೇ, ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆಗಳನ್ನು ಮಾಡಿಸಿ ಅಂದೇ ದಾಖಲು ಮಾಡಿದೆವು. ದಿನಕ್ಕೆ 1 ಗ್ರಾಂ ಮಿಥೈಲ್‌ಪ್ರೆಡ್ನಿಸೊಲೋನ್ ಡ್ರಿಪ್ ಶುರುವಾಯಿತು. ಕಣ್ಣಿನ ಗೂಡು ಸೇರಿಸಿ ಎಂಆರ್‌ಐ ಬರೆದಿದ್ದೆ. ಹೊರಗಿನ ಕೇಂದ್ರದಲ್ಲಿ ಖರ್ಚು ಉಳಿಸಲು ಮಿದುಳಿನದು ಮಾತ್ರ ಮಾಡಿ ಕಳಿಸಿದರು. ವರದಿ ನಾರ್ಮಲ್.

ಆ ವರದಿ ಮನೆಯವರಿಗೆ ದೊಡ್ಡ ಸಮಾಧಾನ ತಂದಿತು. ಅದಕ್ಕೆ ಒಂದು ಅರ್ಥವೂ ಇತ್ತು. ಸಾಮಾನ್ಯ ಬಗೆಯವರಲ್ಲಿ ಮುಂದೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಮಿದುಳು, ಬೆನ್ನುಹುರಿಗಳ ಮಯಲಿನ್ ಹೊದಿಕೆ ಅಲ್ಲಲ್ಲಿ ಕೆಡುವ ರೋಗ, ಬರುವ ಸಂಭವವನ್ನು ಮಿದುಳಿನ ಎಂಆರ್‌ಐ ಹೇಳುತ್ತದೆ. ಅದೇ ಪ್ರಯೋಗದ ರೋಗಿಗಳನ್ನು 15 ವರ್ಷ ಹಿಂಬಾಲಿಸಿದಾಗ, ಮೊದಲ ಎಂಆರ್‌ಐನಲ್ಲಿ ಕಲೆ ಇಲ್ಲದವರಲ್ಲಿ ಶೇ. 25, ಒಂದಾದರೂ ಕಲೆ ಇದ್ದವರಲ್ಲಿ ಶೇ. 72 ಜನರಿಗೆ ಅದು ಬಂದಿತ್ತು. ಆದರೆ ನಾರ್ಮಲ್ ಮಿದುಳು ಈ ಕಣ್ಣಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಮಿದುಳು ಶುದ್ಧವಾಗಿದ್ದು ನರ ಮಾತ್ರ ಇಷ್ಟು ಕೆಟ್ಟಿದೆ ಎಂದರೆ ಇನ್ನೊಂದು ದಿಕ್ಕಿನ ಅನುಮಾನ ಹೆಚ್ಚಬೇಕು.

ದಾರಿ ತಿರುಗಿದ ಸಂಜೆ

ಮೂರು ಡ್ರಿಪ್ ಮುಗಿದವು. ನೋವು ಹೋಯಿತು. ದೃಷ್ಟಿ ಮಾತ್ರ ಇಳಿಯುತ್ತಲೇ ಹೋಯಿತು: ಮೊದಲು ಒಂದು ಮೀಟರ್ ದೂರದ ಬೆರಳೆಣಿಕೆ, ಆಮೇಲೆ ಕೈ ಆಡಿಸಿದರೆ ತಿಳಿಯುವಷ್ಟು. ನೋವು ಹೋದದ್ದನ್ನು ಗುಣವೆಂದು ಎಣಿಸಿ ಮನೆಗೆ ಕಳಿಸುವ ಸೆಳೆತ ಇಂಥ ಹೊತ್ತಿನಲ್ಲಿ ಬಹಳ. ಸ್ಟಿರಾಯ್ಡ್ ನೋವನ್ನು ಯಾವ ಬಗೆಯಲ್ಲಾದರೂ ಇಳಿಸುತ್ತದೆ. ನೋಡಬೇಕಾದದ್ದು ದೃಷ್ಟಿ, ಬಣ್ಣ, ಪಾಪೆ.

ಐದನೆಯ ಡ್ರಿಪ್ಪಿನ ಸಂಜೆ ಎರಡು ಸಂಗತಿ ಬೆಳಕಿಗೆ ಬಂದವು.

ಆಕೆ ಹಾಸಿಗೆಯ ಎಡಕ್ಕಿದ್ದ ಸ್ಟೂಲಿನಿಂದ ಚಹಾದ ಲೋಟ ತೆಗೆಯಲು ಹೋಗಿ ಸಲಾಯಿನ್ ಸ್ಟ್ಯಾಂಡಿಗೆ ತಲೆ ತಾಗಿಸಿಕೊಂಡಳು. ಬಲಗಣ್ಣು ಕಾಣದವರು ಬಲಕ್ಕೆ ತಾಗಬೇಕು, ಈಕೆ ತಾಗಿದ್ದು ಎಡಕ್ಕೆ. ಚೆನ್ನಾಗಿದೆ ಎಂದುಕೊಂಡಿದ್ದ ಎಡಗಣ್ಣನ್ನು ಮತ್ತೆ ನೋಡಿದೆ. ಅಕ್ಷರ 6/6 ಇತ್ತು. ಆದರೆ ಕೆಂಪು ಮುಚ್ಚಳವನ್ನು ಹೊರಬದಿಯ ಮೇಲ್ಭಾಗಕ್ಕೆ ಒಯ್ದರೆ ಬಣ್ಣ ಹೋಗುತ್ತಿತ್ತು. ಎರಡೂ ಕಣ್ಣಿನ ನರಗಳು ಮಿದುಳಿನ ಬುಡದಲ್ಲಿ ಒಂದೆಡೆ ಕೂಡುತ್ತವೆ. ಪ್ರತಿ ಕಣ್ಣಿನ ಮೂಗಿನ ಬದಿಯ ಎಳೆಗಳು ಅಲ್ಲಿ ಆ ಕಡೆಗೆ ದಾಟುತ್ತವೆ. ಬಲನರದ ಉರಿಯೂತ ಹಿಂದಕ್ಕೆ ಹರಿದು ಆ ಕೂಡುದಾಣವನ್ನು ಮುಟ್ಟಿದಾಗ ಎಡಗಣ್ಣಿನಿಂದ ದಾಟಿ ಬರುವ ಎಳೆಗಳಿಗೂ ಬಿಸಿ ತಾಗುತ್ತದೆ, ಎಡಗಣ್ಣಿನ ಹೊರಬದಿಯ ನೋಟ ಕೆಡುತ್ತದೆ. ಹೀಗೆ ಹಿಂದಕ್ಕೆ ಹಬ್ಬುವುದು ಸಾಮಾನ್ಯ ಬಗೆಯ ಗುಣವಲ್ಲ.

ಇದನ್ನು ನೋಡುತ್ತ ನಿಂತಿದ್ದ ಅತ್ತೆ ತಾವಾಗಿಯೇ ಮಾತು ತೆಗೆದರು. “ಯಾ ಶನಿ ಹಿಡಿದೈತೋ ಏನೋ ಈಕಿಗೆ. ದೀಪಾವಳಿ ಮುಂದ ಸಾಯೂದ ಒಂದ ಬಾಕಿ ಇತ್ರಿ. ಎರಡ ವಾರ ಹೊಟ್ಟ್ಯಾಗ ನೀರ ನಿಲ್ಲಲಿಲ್ರಿ. ವಾಂತಿ ನಿಂತರ ಬಿಕ್ಕ, ಬಿಕ್ಕ ನಿಂತರ ವಾಂತಿ. ರಾತ್ರಿಯೆಲ್ಲಾ ಬಿಕ್ಕತಿದ್ಲು.”

ಅಂದು ಅದಕ್ಕೆ ಗ್ಯಾಸ್ಟ್ರಿಕ್ ಎಂದು ಹೆಸರಾಗಿತ್ತು. ಎಂಡೋಸ್ಕೋಪಿಯನ್ನೂ ಮಾಡಿಸಿದ್ದರು, ಅದರಲ್ಲಿ ಏನೂ ಇರಲಿಲ್ಲ. ಆಮೇಲೆ ತಾನಾಗಿ ನಿಂತಿತು. “ಮೊದಲ ಏನರ ಬ್ಯಾನಿ ಆಗಿತ್ತೇನವಾ” ಎಂದಾಗ ಆಕೆ ಇಲ್ಲವೆಂದದ್ದು ಸುಳ್ಳಲ್ಲ. ಪಿತ್ತ, ಗ್ಯಾಸ್ಟ್ರಿಕ್ಕುಗಳನ್ನು ನಮ್ಮ ಮನೆಗಳಲ್ಲಿ ಯಾರೂ ಬೇನೆ ಎಂದು ಎಣಿಸುವುದಿಲ್ಲ. ಅದಕ್ಕೆ ಹೆಸರು ಹಿಡಿದೇ ಕೇಳಬೇಕು: ದಿನಗಟ್ಟಲೆ ಬಿಕ್ಕಳಿಕೆ ಬಂದಿತ್ತೇ? ಕಾರಣ ಸಿಗದ ವಾಂತಿ? ಕೈಕಾಲು ಜೋಮು? ಎದೆ ಹೊಟ್ಟೆಗೆ ಪಟ್ಟಿ ಕಟ್ಟಿದಂಥ ಬಿಗಿ? ಮೂತ್ರ ಕಟ್ಟಿದ್ದು? ಪಕ್ಕದಲ್ಲಿ ಮನೆಯ ಹಿರಿಯ ಹೆಂಗಸೊಬ್ಬರು ಇದ್ದರೆ ಇನ್ನೂ ಒಳ್ಳೆಯದು. ಸೊಸೆ ಮರೆತದ್ದನ್ನು ಅತ್ತೆ ಮರೆತಿರುವುದಿಲ್ಲ.

ಮಿದುಳಿನ ಕಾಂಡದ ಹಿಂಬದಿಯಲ್ಲಿ, ನಾಲ್ಕನೆಯ ಕುಹರದ ನೆಲದ ಮೇಲೆ ಏರಿಯಾ ಪೊಸ್ಟ್ರೀಮಾ ಎಂಬ ಪುಟ್ಟ ಜಾಗವಿದೆ. ವಾಂತಿಗೆ ಚಾಲನೆ ಕೊಡುವ ಜಾಗ ಅದು. ಉಳಿದ ಮಿದುಳಿಗೆ ರಕ್ತದಿಂದ ಇರುವ ಬಿಗಿ ತಡೆ ಅಲ್ಲಿ ಇಲ್ಲ, ಹಾಗಾಗಿ ರಕ್ತದಲ್ಲಿ ತಿರುಗುವ ಪ್ರತಿಕಾಯಗಳಿಗೆ ಅದು ಸುಲಭದ ಗುರಿ. ಆ ಪ್ರತಿಕಾಯಗಳು ಹುಡುಕುವುದು ಅಕ್ವಾಪೊರಿನ್-4 ಎಂಬ, ನೀರು ಹಾಯುವ ಪ್ರೋಟೀನನ್ನು. ಅದು ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೋಸೈಟ್ ಕೋಶಗಳ ಮೇಲಿರುತ್ತದೆ. ಕಣ್ಣಿನ ನರ, ಬೆನ್ನುಹುರಿ, ಏರಿಯಾ ಪೊಸ್ಟ್ರೀಮಾ ಮೂರರಲ್ಲೂ ಅದು ದಟ್ಟ. ಹೀಗಾಗಿ ಒಬ್ಬರಲ್ಲೇ ಬಿಕ್ಕಳಿಕೆ, ಕುರುಡು, ಕಾಲಿನ ಲಕ್ವ ತಿಂಗಳುಗಳ ಅಂತರದಲ್ಲಿ, ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಬಂದು ಹೋಗಬಹುದು. ಈ ರೋಗಕ್ಕೆ ನ್ಯೂರೋಮಯಲೈಟಿಸ್ ಆಪ್ಟಿಕಾ ಎಂದು ಹೆಸರು. ಫ್ರಾನ್ಸಿನ ಡೆವಿಕ್ 1894ರಲ್ಲಿ ಇದನ್ನು ವಿವರಿಸಿದ್ದ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಿಂದ ಇದನ್ನು ಬೇರೆ ಮಾಡಿದ ಪ್ರತಿಕಾಯ ಸಿಕ್ಕಿದ್ದು 2004ರಲ್ಲಿ, ಅದರ ಗುರಿ ತಿಳಿದದ್ದು ಮರುವರ್ಷ.

ಮಾಗ್ ಪ್ರತಿಕಾಯದ ಬಗೆಯೂ ಅಸಾಮಾನ್ಯದ ಗುಂಪಿನದೇ. ಆದರೆ ಅದರಲ್ಲಿ ನರದ ತಲೆ ಎದ್ದು ಕಾಣುವಂತೆ ಊದುತ್ತದೆ, ಎರಡೂ ಕಣ್ಣಿಗೆ ಒಟ್ಟಿಗೆ ಬರುವುದು ಹೆಚ್ಚು, ಸ್ಟಿರಾಯ್ಡಿಗೆ ಬೇಗ ಬಗ್ಗುತ್ತದೆ, ನಿಲ್ಲಿಸಿದರೆ ಮರುಕಳಿಸುತ್ತದೆ, ಚೇತರಿಕೆ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಈಕೆಯಲ್ಲಿ ಊತ ಇಲ್ಲ, ಉರಿಯೂತ ಹಿಂದಕ್ಕೆ, ಸ್ಟಿರಾಯ್ಡಿಗೆ ಜಗ್ಗಿಲ್ಲ, ಮೇಲಿಂದ ಬಿಕ್ಕಳಿಕೆ. ತಕ್ಕಡಿ ಅಕ್ವಾಪೊರಿನ್ ಕಡೆಗೆ ವಾಲಿತು.

ವರದಿ ಬರುವ ಮೊದಲು

ಬೆಳಗಾವಿಯ ದೊಡ್ಡ ಆಸ್ಪತ್ರೆಯೊಂದರ ನರರೋಗ ತಜ್ಞರಿಗೆ ಅದೇ ರಾತ್ರಿ ಫೋನ್ ಮಾಡಿದೆ. ಬೆಳಿಗ್ಗೆ ಕಳಿಸಿಕೊಟ್ಟೆವು. ಪ್ರತಿಕಾಯ ಪರೀಕ್ಷೆಗೆ ರಕ್ತವನ್ನು ಹೊರಡುವ ಮುಂಚೆಯೇ ತೆಗೆಸಿದೆ. ಇದು ಸಣ್ಣ ವಿಷಯವಲ್ಲ. ಮುಂದಿನ ಚಿಕಿತ್ಸೆಯಲ್ಲಿ ರಕ್ತದ ದ್ರವಭಾಗವಾದ ಪ್ಲಾಸ್ಮಾ ಬದಲಾಯಿಸಿದ ಮೇಲೆ ತೆಗೆದ ರಕ್ತದಲ್ಲಿ ಪ್ರತಿಕಾಯವೇ ಕಡಿಮೆಯಾಗಿ, ರೋಗ ಇದ್ದೂ ಇಲ್ಲವೆಂಬ ವರದಿ ಬರಬಹುದು. ಪರೀಕ್ಷೆಯನ್ನು ಜೀವಕೋಶಗಳ ಮೇಲೆ ಮಾಡುವ ಸೆಲ್ ಬೇಸ್ಡ್ ಅಸ್ಸೇ ವಿಧಾನದಲ್ಲೇ ಮಾಡಬೇಕೆಂದು ಚೀಟಿಯಲ್ಲಿ ಬರೆದೆ. ಹಳೆಯ ಎಲೈಸಾ ವಿಧಾನ ತಪ್ಪು ಹೇಳುವುದು ಹೆಚ್ಚು.

ಅಲ್ಲಿ ಕಣ್ಣಿನ ಗೂಡು ಮತ್ತು ಬೆನ್ನುಹುರಿಯ ಎಂಆರ್‌ಐ ಆಯಿತು. ಬಲನರ ಅರ್ಧಕ್ಕಿಂತ ಹೆಚ್ಚು ಉದ್ದಕ್ಕೆ, ಹಿಂದಿನ ಭಾಗದಲ್ಲಿ, ಕೂಡುದಾಣದವರೆಗೂ ಹೊಳೆಯುತ್ತಿತ್ತು. ಬೆನ್ನುಹುರಿ ಸ್ವಚ್ಛವಿತ್ತು. ಮೊದಲಿನ ಮಿದುಳಿನ ಫಿಲ್ಮನ್ನು ದೀಪಾವಳಿಯ ಕಥೆ ತಿಳಿದ ಕಣ್ಣಿನಿಂದ ಮತ್ತೆ ನೋಡಿದಾಗ ಕಾಂಡದ ಹಿಂಬದಿಯಲ್ಲಿ ಮಸುಕಾದ ಒಂದು ಗುರುತು ಇತ್ತು. ರೇಡಿಯಾಲಜಿಸ್ಟರಿಗೆ ಕಳಿಸುವ ಚೀಟಿಯಲ್ಲಿ “ಕಣ್ಣು ಮಂಜು” ಎಂದಷ್ಟೇ ಇದ್ದರೆ ಅವರು ಅಲ್ಲಿ ಹುಡುಕುವುದಾದರೂ ಯಾಕೆ?

ಮುಂದಿನ ಹೆಜ್ಜೆ ಪ್ಲಾಸ್ಮಾ ಬದಲಾವಣೆ. ಕತ್ತಿನ ದೊಡ್ಡ ನಾಳಕ್ಕೆ ನಳಿಕೆ ಹಾಕಿ, ರಕ್ತವನ್ನು ಯಂತ್ರಕ್ಕೆ ಹರಿಸಿ, ಪ್ರತಿಕಾಯಗಳಿರುವ ದ್ರವವನ್ನು ಬೇರ್ಪಡಿಸಿ ತೆಗೆದು, ಅದರ ಜಾಗಕ್ಕೆ ಆಲ್ಬುಮಿನ್ ಸೇರಿಸಿ ಮರಳಿಸುವುದು. ದಿನ ಬಿಟ್ಟು ದಿನ, ಐದು ಸಲ. ಖರ್ಚು ಬಹಳ, ಸೋಂಕಿನ ಭಯವೂ ಇದೆ.

ಗಂಡ ನನಗೆ ಫೋನ್ ಮಾಡಿದ. “ರಿಪೋರ್ಟ್ ಬರ್ಲಿ ಬಿಡ್ರಿ ಡಾಕ್ಟ್ರ. ರೋಗ ಅದ ಹೌದಂತ ಗೊತ್ತಾಗ್ಲಿ, ಆಮ್ಯಾಗ ಮಾಡ್ಸೂಣು.” ಅವನ ಮಾತಿನಲ್ಲಿ ತಪ್ಪೇನಿಲ್ಲ. ಸಾಲ ಮಾಡಿ ತರುವ ದುಡ್ಡು, ಖಚಿತವಿಲ್ಲದ ರೋಗ. “ರಿಪೋರ್ಟ್ ಬರೂತನಕ ನರ ಕಾಯೂದಿಲ್ಲ ತಮ್ಮಾ” ಎಂದು ಹೇಳಿ, ಅವನಿಗೆ ಅರ್ಥವಾಗುವ ಹಾಗೆ ಲೆಕ್ಕ ಬಿಡಿಸಿದೆ. 2018ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದು ಈ ರೋಗದ ತೀವ್ರ ಹೊಡೆತಗಳಲ್ಲಿ ಪ್ಲಾಸ್ಮಾ ಬದಲಾವಣೆ ಯಾವಾಗ ಶುರುವಾಯಿತು ಎಂಬುದನ್ನು ನೋಡಿತು. ಮೊದಲ ದಿನವೇ ಶುರು ಮಾಡಿದರೆ ಪೂರ್ತಿ ಚೇತರಿಕೆಯ ಸಂಭವ ಶೇ. 50, ಇಪ್ಪತ್ತು ದಿನ ದಾಟಿದರೆ ಶೇ. 1ರಿಂದ 5. ವರದಿ ಬರಲು ಬೇಕಾಗುವ ಸಮಯ ಈ ಇಪ್ಪತ್ತರಲ್ಲೇ ಕಳೆಯುತ್ತದೆ. ವರದಿ ಇಲ್ಲವೆಂದು ಬಂದರೂ ಪ್ಲಾಸ್ಮಾ ಬದಲಾವಣೆ ವ್ಯರ್ಥವಲ್ಲ, ಸ್ಟಿರಾಯ್ಡಿಗೆ ಬಗ್ಗದ ತೀವ್ರ ಉರಿಯೂತಕ್ಕೆ ಯಾವ ಬಗೆಯಾದರೂ ಅದೇ ಮುಂದಿನ ಚಿಕಿತ್ಸೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಶುರು ಮಾಡಾಕ ಹೇಳ್ರಿ” ಅಂದ.

ಈ ಪ್ರಕರಣದಲ್ಲಿ ಕಣ್ಣನ್ನು ಉಳಿಸಿದ ಒಂದು ತೀರ್ಮಾನವನ್ನು ತೋರಿಸು ಎಂದರೆ ಅವನ ಆ ಮಾತನ್ನು ತೋರಿಸುತ್ತೇನೆ.

ಏನಾಯಿತು

ಮೂರನೆಯ ಸಲದ ನಂತರ ಬೆರಳು ಎಣಿಸಿದಳು. ಐದೂ ಮುಗಿದು ಬಿಡುಗಡೆಯಾಗುವಾಗ 6/36. ಅಕ್ವಾಪೊರಿನ್-4 ಪ್ರತಿಕಾಯ ಇದೆ ಎಂಬ ವರದಿ ಬಂದದ್ದು ಪ್ಲಾಸ್ಮಾ ಬದಲಾವಣೆ ನಡೆಯುತ್ತಿದ್ದಾಗ. ಎಡಗಣ್ಣಿನ ನೋಟ ಪೂರ್ತಿ ತುಂಬಿಕೊಂಡಿತು. ಮೂರು ತಿಂಗಳಿಗೆ ಬಲಗಣ್ಣು 6/12ಕ್ಕೆ ಬಂದು ನಿಂತಿತು. ಬೆಳಕಿನಿಂದ ಕಣ್ಣಿನ ಒಳಪದರಗಳ ದಪ್ಪ ಅಳೆಯುವ ಓಸಿಟಿ ಯಂತ್ರದಲ್ಲಿ ನೋಡಿದರೆ ನರದ ಎಳೆಗಳ ಪದರ ತೆಳುವಾಗಿದೆ, ಅದು ಮತ್ತೆ ದಪ್ಪವಾಗುವುದಿಲ್ಲ.

ಇದು ವಾಸಿಯೋ ಅಲ್ಲವೋ ಎಂದು ಅತ್ತೆ ಕೇಳಿದರು. ಇದರ ಉತ್ತರ ಬಗೆಯ ಮೇಲೆ ನಿಂತಿದೆ. ಸಾಮಾನ್ಯ ಬಗೆಯಲ್ಲಿ ಒಂದು ಹೊಡೆತ ಬಂದು ಹೋದ ಮೇಲೆ ಬಹಳ ಜನರಿಗೆ ದೈನಂದಿನ ಔಷಧವೇ ಬೇಡ. ಆ ಅಮೆರಿಕದ ರೋಗಿಗಳಲ್ಲಿ 15 ವರ್ಷದ ನಂತರ ಶೇ. 72ರಷ್ಟು ಕಣ್ಣುಗಳಲ್ಲಿ ದೃಷ್ಟಿ 6/6 ಅಥವಾ ಅದಕ್ಕಿಂತ ಚೆನ್ನಾಗಿತ್ತು. ನ್ಯೂರೋಮಯಲೈಟಿಸ್ ಆಪ್ಟಿಕಾದಲ್ಲಿ ಕಾಯಿಲೆ ನಿಧಾನವಾಗಿ ಬೆಳೆಯುವುದಿಲ್ಲ, ಹೊಡೆತ ಹೊಡೆತವಾಗಿ ಬರುತ್ತದೆ. ಪ್ರತಿ ಹೊಡೆತವೂ ಸ್ವಲ್ಪ ಕಣ್ಣನ್ನೋ ಕಾಲನ್ನೋ ತೆಗೆದುಕೊಂಡು ಹೋಗುತ್ತದೆ. ಆದ್ದರಿಂದ ಮುಂದಿನದು ಬಾರದಂತೆ ತಡೆಯುವುದೇ ಚಿಕಿತ್ಸೆ. ಅಜಾಥಯಪ್ರಿನ್, ಮೈಕೊಫಿನೊಲೇಟ್ ಮಾತ್ರೆಗಳಿವೆ, ರಿಟುಕ್ಸಿಮ್ಯಾಬ್ ಡ್ರಿಪ್ ಇದೆ. 2019ರ ನಂತರ ಇನ್ನೂ ಹೊಸ ಔಷಧಗಳು ಬಂದಿವೆ, ಅವು ಈ ಮನೆಗೆ ಎಟುಕುವಂಥವಲ್ಲ. ಮಾತ್ರೆ ಅಗ್ಗ, ಆದರೆ ಪರಿಣಾಮಕ್ಕೆ ತಿಂಗಳುಗಳು ಬೇಕು, ರಕ್ತಪರೀಕ್ಷೆಗೆ ಮತ್ತೆ ಮತ್ತೆ ಊರು ಬಿಟ್ಟು ಬರಬೇಕು. ಆಕೆಗೆ ಮಗ್ಗ ನಿಲ್ಲುವುದೇ ದೊಡ್ಡ ಖರ್ಚು. ದೇಶದಲ್ಲೇ ತಯಾರಾಗುವ ರಿಟುಕ್ಸಿಮ್ಯಾಬನ್ನು ಎರಡು ವಾರದ ಅಂತರದಲ್ಲಿ ಎರಡು ಸಲ, ಆಮೇಲೆ ಆರು ತಿಂಗಳಿಗೊಮ್ಮೆ ಎಂದು ನರರೋಗ ತಜ್ಞರು, ಮನೆಯವರು ಕೂಡಿ ಗೊತ್ತುಮಾಡಿದರು. ಹೆಪಟೈಟಿಸ್ ಬಿ, ಕ್ಷಯ ಇಲ್ಲವೆಂದು ನೋಡಿಕೊಂಡೇ ಶುರುವಾಯಿತು. ಅದು ಹಿಡಿತಕ್ಕೆ ಬರುವವರೆಗೆ ಪ್ರೆಡ್ನಿಸೊಲೋನ್ ಮಾತ್ರೆ ನಡೆಸಿ ನಿಧಾನವಾಗಿ ಇಳಿಸಿದರು. ಮೊದಲ ದಿನ ನಾನೇ ಬೇಡವೆಂದಿದ್ದ ಮಾತ್ರೆ ಈಗ ಯಾಕೆ ಎಂದು ಗಂಡ ಕೇಳಿದ, ಕೇಳಬೇಕಾದ ಪ್ರಶ್ನೆಯೇ. ರೋಗದ ಬಗೆ ಬೇರೆ, ಕೊಡುವ ಉದ್ದೇಶ ಬೇರೆ ಎಂದು ಬಿಡಿಸಿ ಹೇಳಿದೆ.

ಇಲ್ಲಿ ಹೆಸರು ಸರಿಯಾಗಿ ಇಡುವುದರಿಂದ ಇನ್ನೊಂದು ಅನಾಹುತವೂ ತಪ್ಪಿತು. ಇದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದುಕೊಂಡು ಇಂಟರ್ಫೆರಾನ್ ಬೀಟಾ, ಫಿಂಗೊಲಿಮೋಡ್ ಅಥವಾ ನಟಾಲಿಜುಮ್ಯಾಬ್ ಕೊಟ್ಟಿದ್ದರೆ ರೋಗ ಇನ್ನೂ ಕೆರಳಬಹುದಿತ್ತು.

ಬೇಸಿಗೆಯ ಹೆದರಿಕೆ

ಏಪ್ರಿಲ್ ಕೊನೆಗೆ ಬಾಗಲಕೋಟೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ದಿನಗಳು. ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ ನೇಯುತ್ತಿದ್ದಾಗ ಬಲಗಣ್ಣು ಮತ್ತೆ ಮಂಜಾಯಿತು. ಮನೆಯವರು ಹೌಹಾರಿ ಬಾಡಿಗೆ ಗಾಡಿ ಮಾಡಿಕೊಂಡು ಬಂದರು. ದಾರಿಯಲ್ಲಿ ಫೋನಿನಲ್ಲೇ “ಡ್ರಿಪ್ಪ ಹಚ್ಚರಿ” ಎಂಬ ಒತ್ತಾಯ.

ಬರುವಷ್ಟರಲ್ಲಿ ಸಂಜೆಯಾಗಿತ್ತು, ದೃಷ್ಟಿ 6/12ಕ್ಕೆ ಮರಳಿತ್ತು. ನೋವು ಇರಲಿಲ್ಲ. ಹೊದಿಕೆ ತೆಳುವಾದ ಎಳೆಗಳಲ್ಲಿ ಮೈ ಬಿಸಿಯಾದಾಗ ಸುದ್ದಿ ಹರಿಯುವುದು ತಡವಾಗುತ್ತದೆ, ತಂಪಾದಾಗ ಸರಿಹೋಗುತ್ತದೆ. ಜರ್ಮನಿಯ ಉಟ್ಹಾಫ್ ಎಂಬ ಕಣ್ಣಿನ ವೈದ್ಯ 1890ರಲ್ಲಿ ಇದನ್ನು ಗುರುತಿಸಿದ್ದರಿಂದ ಅವನ ಹೆಸರಲ್ಲೇ ಕರೆಯುತ್ತಾರೆ. ಇದು ಹೊಸ ಹೊಡೆತವಲ್ಲ, ನರಕ್ಕೆ ಹೊಸ ಹಾನಿಯೂ ಇಲ್ಲ. ಬಣ್ಣ, ಪಾಪೆ, ನೋಟದ ಅಂಚುಗಳನ್ನು ನೋಡಿ, ಸ್ಟಿರಾಯ್ಡ್ ಹಚ್ಚದೆ ಮನೆಗೆ ಕಳಿಸಿದೆ. ಒಂದು ದಿನ ದಾಟಿದರೂ ಮಂಜು ಹೋಗದಿದ್ದರೆ, ನೋವು ಕೂಡಿದರೆ, ಎಡಗಣ್ಣಿಗೆ ಬಂದರೆ ರಾತ್ರಿಯಾದರೂ ಬರಬೇಕೆಂದು ಹೇಳಿದೆ. ಈಗ ಆಕೆ ಬೇಸಿಗೆಯಲ್ಲಿ ನಸುಕಿನಲ್ಲಿ ಮಗ್ಗಕ್ಕಿಳಿದು ಬಿಸಿಲೇರುವ ಮುಂಚೆ ಏಳುತ್ತಾಳೆ.

6/12 ಎಂಬ ಅಂಕಿ ಆಕೆಯ ಬದುಕಿನ ಬಗ್ಗೆ ಅರ್ಧವನ್ನಷ್ಟೇ ಹೇಳುತ್ತದೆ. ಬಸ್ಸಿನ ಬೋರ್ಡು ಓದುತ್ತಾಳೆ, ಮಕ್ಕಳ ತಲೆ ಬಾಚುತ್ತಾಳೆ. ಕೊಂಡಿ ಕೆಲಸ ಮಾತ್ರ ಕೈಬಿಟ್ಟಿದೆ. ಒಂದೇ ಬಣ್ಣದ ಎರಡು ಎಳೆಗಳಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂಬ ಆಳ ತಿಳಿಯಲು ಎರಡೂ ಕಣ್ಣಿನ ಸುದ್ದಿ ಒಟ್ಟಿಗೆ ಮುಟ್ಟಬೇಕು. ಕೆಟ್ಟ ನರದ ಸುದ್ದಿ ತುಸು ತಡವಾಗಿ ಬರುತ್ತದೆ. ದೃಷ್ಟಿ ಫಲಕದ ಮುಂದೆ ಇದು ತಿಳಿಯುವುದೇ ಇಲ್ಲ, ಕೇಳಿದರೆ ಮಾತ್ರ ತಿಳಿಯುತ್ತದೆ. ಕೊಂಡಿಯನ್ನು ಈಗ ನಾದಿನಿ ಹಾಕುತ್ತಾಳೆ, ನೇಯುವುದು ಈಕೆಯೇ. ನೂಲಿನ ಉಂಡೆಗಳಿಗೆ ಬಣ್ಣದ ಹೆಸರು ಬರೆದ ಚೀಟಿ ಕಟ್ಟಿಕೊಂಡಿದ್ದಾಳೆ.

ಎರಡನೆಯ ವರ್ಷ ಮುಗಿಯುವಾಗ ಮನೆಯವರು ಡ್ರಿಪ್ ನಿಲ್ಲಿಸುವ ಮಾತೆತ್ತಿದರು. ಅರಾಮ ಅದಾಳ, ಮತ್ಯಾಕ ಔಷಧ? ಅರಾಮ ಇರುವುದು ಔಷಧದಿಂದ ಎಂದು ನಂಬಿಸುವುದು ಕಷ್ಟ, ಯಾಕೆಂದರೆ ಬಾರದ ಹೊಡೆತವನ್ನು ಯಾರೂ ಕಣ್ಣಿನಿಂದ ನೋಡಿರುವುದಿಲ್ಲ. ನರರೋಗ ತಜ್ಞರು ರಿಟುಕ್ಸಿಮ್ಯಾಬ್ ಇಳಿಸುವ ಸಿಡಿ-19 ಎಂಬ ಗುರುತಿನ ಬಿಳಿ ರಕ್ತಕೋಶಗಳ ಎಣಿಕೆ ತೋರಿಸಿ, ಔಷಧದ ಹಿಡಿತ ಬಿಡುತ್ತಿದ್ದಂತೆ ಅವು ಹೇಗೆ ಏರುತ್ತವೆ ಎಂದು ವಿವರಿಸಿದ ಮೇಲೆ ಒಪ್ಪಿದರು. ಇನ್ನೊಂದು ಮಗು ಬೇಕೆಂಬ ಆಸೆಯೂ ಅವರಲ್ಲಿದೆ. ಹೆರಿಗೆಯ ನಂತರದ ತಿಂಗಳುಗಳಲ್ಲಿ ಈ ರೋಗ ಮರುಕಳಿಸುವುದು ಹೆಚ್ಚು, ಅದಕ್ಕೆ ಗರ್ಭ ನಿಲ್ಲುವ ಮೊದಲೇ ಬಂದು ಮಾತಾಡಬೇಕೆಂದು ತಿಳಿಸಿದ್ದೇವೆ.

ಆಕೆಯ ಚೀಲದಲ್ಲಿ ಒಂದು ಕಾರ್ಡ್ ಇದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದದ್ದು. ರೋಗದ ಹೆಸರು, ಪ್ರತಿಕಾಯದ ಹೆಸರು, ಕೊನೆಯ ರಿಟುಕ್ಸಿಮ್ಯಾಬ್ ತಾರೀಖು, ಬೆಳಗಾವಿಯ ತಜ್ಞರ ನಂಬರು. ಅದರ ಕೆಳಗೆ ಯಾವ ಊರಿನ ಯಾವ ವೈದ್ಯರಾದರೂ ಓದಬೇಕಾದ ಮೂರು ಸಾಲು: ಎರಡು ದಿನ ದಾಟಿದ ವಾಂತಿ ಅಥವಾ ಬಿಕ್ಕಳಿಕೆ ಬಂದರೆ ಗ್ಯಾಸ್ಟ್ರಿಕ್ ಎಂದು ಬಿಡಬೇಡಿ. ಕಾಲು ಜೋಮು ಅಥವಾ ಮೂತ್ರ ಕಟ್ಟಿದರೆ ಬೆನ್ನುಹುರಿಯ ಎಂಆರ್‌ಐ ಮಾಡಿಸಿ. ಕಣ್ಣು ಮಂಜಾದರೆ ಕೆಂಪು ಬಣ್ಣ ಹೇಗೆ ಕಾಣುತ್ತದೆಂದು ಆಕೆಯನ್ನೇ ಕೇಳಿ, ಆಕೆಗೆ ಅದು ಚೆನ್ನಾಗಿ ಗೊತ್ತು.